ಮೊರಬೆನ್ನಿ ಒಂಟಿಕಾಲಲ್ಲಿ ನಿಂತ ಬೇಸಿಗೆ

ಲೋಕಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲ ಅದು. ಬೆಟ್ಟಗಳು ಆಗಷ್ಟೇ ಎದ್ದು ಕೂತಿದ್ದವು. ಎಲೆ ಉದುರಿಸಬೇಕೆಂದು ಮರಗಳಿಗೆ ಗೊತ್ತೇ ಇರಲಿಲ್ಲ. ದಿನಾ ಒಂದಿಷ್ಟು ಬಿಸಿಲು, ದಿನಾ ಒಂದಿಷ್ಟು ಮಳೆ. ಬೇಸಿಗೆ ಎಂಬುದು ಇನ್ನೂ ಒಂದು ಸಲವೂ ಬಂದಿರಲಿಲ್ಲ.

ಆ ಕಾಲದಲ್ಲಿ ಒಂದು ಹೊಳೆ. ಆ ಹೊಳೆಯಲ್ಲಿ ಮೊರಬೆನ್ನಿ ಇದ್ದಳು.

ಈಗ ನಾವು ಡೈನೋಸಾರ್ ಅನ್ನುತ್ತೇವಲ್ಲ, ಮೊರಬೆನ್ನಿ ಆ ಬಳಗದವಳು. ನಾಲ್ಕು ಎತ್ತಿನ ಗಾಡಿಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಎಷ್ಟುದ್ದವೋ ಅಷ್ಟುದ್ದ ಇದ್ದಳು. ಮೂತಿ ಮೊಸಳೆಯ ಮೂತಿಯಂತೆ ನೀಳ. ಹಲ್ಲುಗಳು ದಬ್ಬಳದಂತೆ ನೆಟ್ಟಗೆ. ಎರಡೂ ಕೈಗಳ ಹೆಬ್ಬೆರಳಲ್ಲಿ ಕುಡುಗೋಲಿನಷ್ಟು ದೊಡ್ಡ, ಬಾಗಿದ ಉಗುರು. ಇನ್ನು ಬೆನ್ನ ಮೇಲೆ, ಯಾರೋ ದೊಡ್ಡದೊಂದು ಮೊರವನ್ನು ನೆಟ್ಟಗೆ ನಿಲ್ಲಿಸಿ ಮರೆತು ಹೋದ ಹಾಗೆ, ಎದ್ದು ನಿಂತ ಅಗಲವಾದ ತೊಗಲು. ಅದಕ್ಕೇ ಅವಳು ಮೊರಬೆನ್ನಿ.

ಅವಳ ಅಣ್ಣತಮ್ಮಂದಿರೆಲ್ಲ ಒಣನೆಲದ ಮೇಲೆ ಧಡಧಡ ಓಡಿ, ಸಿಕ್ಕವರನ್ನು ಕಚ್ಚಿ, ಗದ್ದಲ ಮಾಡಿಕೊಂಡು ಊಟ ಮಾಡುವವರು. ಮೊರಬೆನ್ನಿಗೆ ಆ ಓಡಾಟ ಹಿಡಿಸುತ್ತಿರಲಿಲ್ಲ. ಅವಳಿಗೆ ಮೀನೆಂದರೆ ಪ್ರಾಣ. ಮೀನು ಬಿಟ್ಟು ಬೇರೆ ಊಟ ಇದೆ ಎಂದರೆ ಅವಳು ನಂಬುತ್ತಲೂ ಇರಲಿಲ್ಲ.

ಮೀನು ಹಿಡಿಯುವುದಕ್ಕೆ ಅವಳದೊಂದು ಉಪಾಯ ಇತ್ತು. ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿಯುವುದು. ಸೂರ್ಯನಿಗೆ ಬೆನ್ನು ಅಡ್ಡ ಹಿಡಿದು ನಿಲ್ಲುವುದು. ಮೊರದ ನೆರಳು ನೀರಿನ ಮೇಲೆ ಬೀಳುತ್ತಿತ್ತು. ನೆರಳು ಬಿದ್ದಲ್ಲಿ ನೀರು ತಂಪಾಗುತ್ತಿತ್ತು. ತಂಪು ಹುಡುಕಿಕೊಂಡು ಮೀನು ಬರುತ್ತಿತ್ತು. ಬಂದದ್ದನ್ನು ಉಗುರಿನಿಂದ ಎತ್ತಿ ಬಾಯಿಗೆ ಹಾಕಿಕೊಳ್ಳುವುದು, ಅಷ್ಟೇ.

"ನಿನ್ನಂಥ ಸೋಮಾರಿನ ನಾನು ನೋಡೇ ಇಲ್ಲ ಬಿಡು," ಎಂದು ಗಾಳಿ ಅವಳ ಮೊರಕ್ಕೆ ಒರಗಿ ನಗುತ್ತಿತ್ತು. "ಎಲ್ಲರೂ ಊಟದ ಹಿಂದೆ ಓಡ್ತಾರೆ. ನಿನ್ನ ಊಟ ತಾನೇ ನಡೆದುಕೊಂಡು ನಿನ್ನ ಹತ್ರ ಬರ್ತದೆ."

"ಹೊಟ್ಟೆಕಿಚ್ಚು ಯಾಕಪ್ಪಾ ಗಾಳಿಯಣ್ಣ," ಅನ್ನುತ್ತಿದ್ದಳು ಮೊರಬೆನ್ನಿ. "ನಿನಗೆ ಹೊಟ್ಟೆಯೇ ಇಲ್ಲ."

ಊಟವಾದ ಮೇಲೆ ಮರಳ ದಿಬ್ಬದ ಮೇಲೆ ಮಲಗಿ ಹೊಳೆಯ ಜೊತೆ ಹರಟೆ. ಹೊಳೆ ಹಿರಿಯಳು, ಮಾತಿನ ಮಲ್ಲಿ. ಕಲ್ಲಿಗೊಂದು ಮಾತು, ಬೇರಿಗೊಂದು ಮಾತು ಆಡಿಕೊಂಡು ಹರಿಯುವವಳು.

"ಏನೇ ಮೊರಬೆನ್ನಿ, ಹೊಟ್ಟೆ ತುಂಬಿತಾ?"

"ತುಂಬಿತು ಹೊಳೆಯವ್ವ. ಇವತ್ತು ನಿನ್ನ ಮೀನು ಬಹಳ ರುಚಿಯಾಗಿತ್ತು."

"ನನ್ನ ಮೀನಲ್ಲ ಕಣೇ. ನನ್ನೊಳಗೆ ಇರೋ ಮೀನು."

ಈ ಮಾತು ಮೊರಬೆನ್ನಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಹೊಟ್ಟೆ ತುಂಬಿದಾಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೀರಿದ್ದಲ್ಲಿ ನೊರೆ ಏಳುತ್ತದೆ, ನೀರಿದ್ದಲ್ಲಿ ಮೀನೂ ಏಳುತ್ತದೆ ಎಂದೇ ಅವಳು ತಿಳಿದಿದ್ದಳು. ಲೋಕ ಹೊಸದು, ಯಾರು ಯಾರಿಗೆ ಹೇಳಿಕೊಟ್ಟಿದ್ದರು?

ಒಂದು ದಿನ ಮೊರಬೆನ್ನಿ ದಿಬ್ಬದ ಮರಳು ತೋಡಿ ಮೂರು ಮೊಟ್ಟೆ ಇಟ್ಟಳು. ಅವಳ ಬಾಳಿನ ಮೊದಲ ಮೊಟ್ಟೆಗಳು. ಮರಳು ಮುಚ್ಚಿ, ಮೇಲಿಂದ ಮೂತಿಯಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿದಳು. ಒಳಗೆ ಏನೂ ಸದ್ದಿಲ್ಲ.

"ಯಾವಾಗ ಬರ್ತಾವೆ ಹೊಳೆಯವ್ವ?" ಎಂದು ಕೇಳಿದಳು.

"ಬರೋ ಹೊತ್ತಿಗೆ ಬರ್ತಾವೆ. ನೀನು ದಿನಾ ಅಗೆದು ನೋಡಬೇಡ," ಎಂದಿತು ಹೊಳೆ.

ಅದಾದ ಮಾರನೆಯ ದಿನ ಮಳೆ ಬರಲಿಲ್ಲ.

ಅದರ ಮಾರನೆಯ ದಿನವೂ ಬರಲಿಲ್ಲ. ಹತ್ತು ದಿನ ಬರಲಿಲ್ಲ. ಇಪ್ಪತ್ತು ದಿನ ಬರಲಿಲ್ಲ. ಬಿಸಿಲು ಮಾತ್ರ ದಿನಾ ಬಂದಿತು, ಬಂದದ್ದು ಬೇಗ ಹೋಗಲೂ ಇಲ್ಲ. ಮರಗಳು ಹೆದರಿ ಎಲೆಗಳನ್ನೆಲ್ಲ ಕೆಳಗೆ ಬಿಟ್ಟವು. ಹುಲ್ಲು ಮೊದಲು ಹಳದಿಯಾಯಿತು, ಆಮೇಲೆ ಇಲ್ಲವಾಯಿತು.

"ಮಳೆ ಎಲ್ಲಿಗೆ ಹೋಯ್ತು?" ಎಂದು ಎಲ್ಲರೂ ಗಾಳಿಯನ್ನು ಕೇಳಿದರು.

"ನನಗೆ ಹೇಳಿ ಹೋಗಿಲ್ಲ," ಎಂದಿತು ಗಾಳಿ. ಅದರ ಮೈಯೂ ಸುಡುತ್ತಿತ್ತು.

ಹೊಳೆ ಸಣ್ಣಗಾಯಿತು. ಮೊದಲು ನಡುವಿನ ಬಂಡೆಗಳು ತಲೆ ಎತ್ತಿದವು. ಆಮೇಲೆ ಹೊಳೆ ತುಂಡುತುಂಡಾಗಿ, ಅಲ್ಲೊಂದು ಮಡು, ಇಲ್ಲೊಂದು ಮಡು ಮಾತ್ರ ಉಳಿಯಿತು. ನಡುವೆಲ್ಲ ಬರೀ ಮರಳು.

ಇನ್ನು ಮೊರಬೆನ್ನಿ ಏನು ಮಾಡಿದಳು ಎಂದು ಹೇಳಲೇಬೇಕು. ಹೇಳಲು ನನಗೆ ಸಂಕಟ, ಆದರೂ ಹೇಳುತ್ತೇನೆ. ಅವಳು ಕುಣಿದಾಡಿದಳು! ಹೊಳೆಯುದ್ದಕ್ಕೂ ಹರಡಿಕೊಂಡಿದ್ದ ಮೀನೆಲ್ಲ ಈಗ ಮಡುಗಳಲ್ಲಿ ಒತ್ತೊತ್ತಾಗಿ ಸೇರಿತ್ತು. ನೆರಳು ಬಿದ್ದರೆ ಸಾಕು, ಒಂದರ ಮೇಲೊಂದು ಬಿದ್ದು ಓಡಿಬರುತ್ತಿತ್ತು. ಒಂದು ಮಡು ಖಾಲಿ ಮಾಡಿದಳು. ಅದರ ಕೆಳಗಿನ ಮಡುವಿಗೆ ಹೋದಳು, ಅದನ್ನೂ ಖಾಲಿ ಮಾಡಿದಳು. ಹಸಿವಿದ್ದಾಗ ತಿಂದಳು, ಹಸಿವಿಲ್ಲದಾಗಲೂ ತಿಂದಳು.

"ಮೆಲ್ಲಗೆ ಕಣೇ," ಎಂದಿತು ಹೊಳೆ. ಅದರ ದನಿ ಈಗ ತುಂಬಾ ತೆಳುವಾಗಿತ್ತು.

"ಯಾಕವ್ವ? ನೀನು ಮತ್ತೆ ತುಂಬಿದ್ರೆ ಮೀನೂ ಮತ್ತೆ ಬರ್ತಾವಲ್ಲ."

ಹೊಳೆ ಇನ್ನೂ ಏನೋ ಹೇಳಲು ಹೋಯಿತು. ಕಲ್ಲುಗಳ ನಡುವೆ ನೀರಿಲ್ಲದೆ ಮಾತು ಹೊರಡಲಿಲ್ಲ.

ಹೀಗೆ ಒಂದೊಂದೇ ಮಡು ಮುಗಿಸಿ, ಮೊರಬೆನ್ನಿ ಕರಿಬಂಡೆಯ ಬುಡದ ಮಡುವಿಗೆ ಬಂದಳು. ಅದರಾಚೆಗೆ ನೋಡಿದಳು. ಬೇರೆ ಮಡು ಕಾಣಲಿಲ್ಲ. ಆದರೂ ಅವಳಿಗೆ ಏನೂ ಅನ್ನಿಸಲಿಲ್ಲ. ನೀರಿಗೆ ಇಳಿದಳು. ಸೂರ್ಯನಿಗೆ ಬೆನ್ನು ಅಡ್ಡ ಹಿಡಿದಳು. ನೆರಳು ಬಿತ್ತು, ಮೀನು ಬಂತು. ಎಲ್ಲಕ್ಕಿಂತ ದೊಡ್ಡ ಮೀನಿನ ಮೇಲೆ ಅವಳು ಉಗುರು ಎತ್ತಿದಳು.

"ಸ್ವಲ್ಪ ತಾಳು ಮಗಳೇ," ಎಂದಿತು ಆ ಮೀನು. "ತಿನ್ನೋಕೆ ಮುಂಚೆ ಒಂದು ಮಾತು."

ಅದು ಬಾಳೆಮೀನು, ಬಲು ಹಳೆಯದು. ಬಾಯಿಯ ಎರಡೂ ಕಡೆ ಉದ್ದುದ್ದ ಮೀಸೆ. ಹೊಳೆಯವರೆಲ್ಲ ಅದನ್ನು ಮೀಸೆಯಜ್ಜಿ ಎಂದು ಕರೆಯುತ್ತಿದ್ದರು.

ಊಟ ಮಾತಾಡಿದ್ದು ಮೊರಬೆನ್ನಿಗೆ ಅದೇ ಮೊದಲು. ಎತ್ತಿದ ಉಗುರು ಹಾಗೇ ನಿಂತಿತು.

"ಮೀನು ಎಲ್ಲಿಂದ ಬರ್ತದೆ ಅಂತ ತಿಳಿದಿದ್ದೀಯ?" ಎಂದು ಕೇಳಿದಳು ಮೀಸೆಯಜ್ಜಿ.

"ಇದೇನಜ್ಜಿ ಹೀಗೆ ಕೇಳ್ತೀಯ? ನೀರಿಂದ ಬರ್ತದೆ."

ಮೀಸೆಯಜ್ಜಿ ನಕ್ಕಳು. ನಕ್ಕಾಗ ಮೀಸೆ ಎರಡೂ ಅಲ್ಲಾಡಿದವು. ಆಮೇಲೆ ನಗು ನಿಲ್ಲಿಸಿ, ಒಂದು ಪಕ್ಕಕ್ಕೆ ಹೊರಳಿ, ತನ್ನ ಹೊಟ್ಟೆ ತೋರಿಸಿದಳು. ಹೊಟ್ಟೆ ಗುಡಾಣದ ಹಾಗೆ ಊದಿತ್ತು.

"ಮೀನು ಮೀನಿಂದ ಬರ್ತದೆ ತಾಯಿ. ಇದರ ತುಂಬಾ ಮೊಟ್ಟೆ. ಮರಳಲ್ಲಿ ನೀನು ಮೂರು ಇಟ್ಟಿದ್ದೀಯಲ್ಲ, ಹಾಗೇ. ನೀರು ನಮಗೆ ಮನೆ, ಅಮ್ಮ ಅಲ್ಲ. ಮೇಲಿನ ಮಡುಗಳಲ್ಲಿ ನಮ್ಮೋರು ಯಾರಾದ್ರೂ ಉಳಿದಿದ್ದಾರಾ?"

ಮೊರಬೆನ್ನಿ ಮೇಲಿನ ಮಡುಗಳನ್ನೆಲ್ಲ ನೆನೆಸಿಕೊಂಡಳು. "ಇಲ್ಲ ಅಜ್ಜಿ," ಎಂದಳು.

"ಕೆಳಗೆ?"

"ಕೆಳಗೂ ಇಲ್ಲ."

"ಹಾಗಾದ್ರೆ ಈ ಹೊಳೆಗೆ ಇನ್ನು ನಾವೇ. ನಮ್ಮನ್ನೂ ತಿಂದುಬಿಡು, ಬೇಡ ಅನ್ನೋಕೆ ನನ್ನ ಹತ್ರ ಉಗುರಿಲ್ಲ. ಆದ್ರೆ ನಿನ್ನ ಮರಿಗಳು ಮೊಟ್ಟೆಯಿಂದ ಬಂದು ಅಮ್ಮಾ ಅಂತ ಬಾಯಿ ತೆರೀತಾವಲ್ಲ, ಆಗ ಆ ಬಾಯಿಗೆ ಏನು ಹಾಕ್ತೀಯ? ನೊರೆ ಹಾಕ್ತೀಯಾ?"

ಮೊರಬೆನ್ನಿ ಎತ್ತಿದ ಉಗುರನ್ನು ಇಳಿಸಿದಳು. ನೀರಿನಿಂದ ಹೊರಬಂದು, ಮರಳ ದಿಬ್ಬಕ್ಕೆ ಹೋಗಿ, ಮೊಟ್ಟೆಗಳ ಮೇಲೆ ಕಿವಿಯಿಟ್ಟು ಮಲಗಿದಳು. ಆಳದಲ್ಲಿ, ತುಂಬಾ ಆಳದಲ್ಲಿ, ಟಿಕ್ ಎಂದು ಒಂದು ಸಣ್ಣ ಸದ್ದು ಕೇಳಿಸಿತು. ಅವಳಿಗೆ ಅಳು ಬಂತು.

ಅಷ್ಟರಲ್ಲಿ ಮಡುವಿನಿಂದ ಪಟಪಟ ಎಂದು ಬಾಲ ಬಡಿಯುವ ಸದ್ದು. ಓಡಿ ಹೋಗಿ ನೋಡಿದರೆ, ಅವಳ ನೆರಳು ಹೋದ ಕೂಡಲೇ ಬಿಸಿಲು ನೇರವಾಗಿ ಮಡುವಿಗೆ ಬಿದ್ದಿತ್ತು. ನೀರು ಕಾಯುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ನೀನು ನಿಂತ್ರೂ ಭಯ, ಹೋದ್ರೂ ಸಾವು," ಎಂದಳು ಮೀಸೆಯಜ್ಜಿ ಏದುಸಿರು ಬಿಡುತ್ತ. "ಮರದಲ್ಲಿ ಒಂದು ಎಲೆ ಇಲ್ಲ. ಈ ಊರಲ್ಲಿ ನೆರಳು ಅಂತ ಇರೋದು ನಿನ್ನ ಬೆನ್ನ ಮೇಲೆ ಮಾತ್ರ."

ಮೊರಬೆನ್ನಿ ಮತ್ತೆ ನೀರಿಗೆ ಇಳಿದಳು. ಸೂರ್ಯನಿಗೆ ಬೆನ್ನು ಅಡ್ಡ ಹಿಡಿದಳು. ನೆರಳು ಬಿತ್ತು. ಮೀನುಗಳು ಹೆದರಿ ಹೆದರಿ ಬಂದವು.

"ಮಳೆ ಬರೋವರೆಗೂ ನಾನು ಇಲ್ಲೇ ನಿಲ್ತೀನಿ ಅಜ್ಜಿ," ಎಂದಳು. "ಮುಟ್ಟಲ್ಲ."

"ಹಾಗಾದ್ರೆ ಎರಡು ಮಾತು ಕೇಳು," ಎಂದಳು ಮೀಸೆಯಜ್ಜಿ. "ಆ ಉಗುರುಗಳನ್ನ ಎದೆಗೆ ಮಡಚಿಕೋ, ನಮ್ಮ ಮರಿಗಳು ಅದನ್ನ ನೋಡಿದ್ರೆ ನಡುಗ್ತಾವೆ. ಇನ್ನೊಂದು, ಅಲುಗಬೇಡ. ನೀನು ಒಂದು ಹೆಜ್ಜೆ ಇಟ್ರೂ ತಳದ ಕೆಸರು ಏಳ್ತದೆ. ಇಷ್ಟು ಸ್ವಲ್ಪ ನೀರಲ್ಲಿ ಕೆಸರು ಎದ್ರೆ ನಮಗೆ ಉಸಿರಾಟ ಇಲ್ಲ."

ಮೊರಬೆನ್ನಿ ಎರಡೂ ಕೈಗಳನ್ನು ಎದೆಗೆ ಮಡಚಿಕೊಂಡಳು. ಅಲುಗಲಿಲ್ಲ, ಕದಲಲಿಲ್ಲ.

ಸೂರ್ಯ ಆ ಕಡೆಯಿಂದ ಈ ಕಡೆಗೆ ಹೋದ. ಮಾರನೆಯ ದಿನವೂ ಹೋದ. ಹೊಳೆ ಕೊನೆಯದಾಗಿ ಒಂದು ಸಲ ಅವಳ ಪಾದದ ಹತ್ತಿರ ಪಿಸುಗುಟ್ಟಿತು.

"ನಾನು ಮರಳಿನ ಅಡಿಗೆ ಹೋಗ್ತಾ ಇದ್ದೀನಿ ಕಣೇ."

"ಮತ್ತೆ ಯಾವಾಗ ಬರ್ತೀಯವ್ವ?"

"ಗೊತ್ತಿಲ್ಲ ಮಗಳೇ. ಬರ್ತೀನೋ ಇಲ್ವೋ, ಅದೂ ಗೊತ್ತಿಲ್ಲ. ನನಗೂ ಇದೇ ಮೊದಲು."

ಇದನ್ನು ನೀವು ಚೆನ್ನಾಗಿ ನೆನಪಿಡಬೇಕು. ಬೇಸಿಗೆ ಆದ ಮೇಲೆ ಮಳೆಗಾಲ ಬರುತ್ತದೆ ಎಂದು ನಮಗೆ ಗೊತ್ತು, ಅದಕ್ಕೇ ನಾವು ಕಾಯುತ್ತೇವೆ. ಮೊರಬೆನ್ನಿಗೆ ಅದು ಗೊತ್ತಿರಲಿಲ್ಲ. ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವಳು ನಿಂತಳು.

ಒಂದು ದಿನ ಮೊಸಳೆ ತೆವಳಿಕೊಂಡು ಬಂತು. ಅದರ ಮಡು ಬತ್ತಿಹೋಗಿ ಮೈಯೆಲ್ಲ ಬಿರುಕು ಬಿಟ್ಟಿತ್ತು.

"ಅಕ್ಕಾ," ಎಂದಿತು ಮೊಸಳೆ, ಬಾಯಿಯಲ್ಲಿ ಬೆಣ್ಣೆ ಇಟ್ಟುಕೊಂಡ ಹಾಗೆ. "ನಿನ್ನ ಮೂತಿ, ನನ್ನ ಮೂತಿ ಒಂದೇ ಅಚ್ಚು. ನಾವು ಬೇರೆಯೋರಲ್ಲ. ಈ ಮಡೂಲಿ ಅರ್ಧ ನಿಂಗೆ, ಅರ್ಧ ನಂಗೆ."

"ಇದು ಊಟ ಅಲ್ಲ ತಮ್ಮಾ," ಎಂದಳು ಮೊರಬೆನ್ನಿ.

"ಮತ್ತೇನು?"

"ಬೀಜ."

ಮೊಸಳೆಗೆ ತಲೆಬುಡ ತಿಳಿಯಲಿಲ್ಲ. ನೀರಿಗೆ ಮೂತಿ ಹಾಕಲು ಬಂತು. ಜಗಳಕ್ಕೆ ನಿಂತರೆ ಕೆಸರು ಏಳುತ್ತದೆ. ಮೊರಬೆನ್ನಿ ಒಂದಿಷ್ಟೂ ಕದಲದೆ, ಎದೆಗೆ ಮಡಚಿದ ಕೈಯಲ್ಲಿ ಒಂದೇ ಒಂದು ಉಗುರನ್ನು ಮೆಲ್ಲಗೆ ಬಿಚ್ಚಿ ತೋರಿಸಿದಳು. ಬಿಸಿಲಿಗೆ ಅದು ಫಳಫಳ ಹೊಳೆಯಿತು.

"ಇಷ್ಟಕ್ಕೆಲ್ಲ ಕೋಪ ಯಾಕಕ್ಕಾ," ಎಂದು ಮೊಸಳೆ ಹಿಂದೆ ಸರಿಯಿತು. "ನಾನು ಈ ದಂಡೇಲಿ ಗುಂಡಿ ತೋಡಿ ಮಲಗ್ತೀನಿ. ಮಳೆ ಬಂದ್ರೆ ಎಬ್ಬಿಸು." ಹಾಗೆಂದು ಮಣ್ಣೊಳಗೆ ಹೊಕ್ಕು ಗೊರಕೆ ಹೊಡೆಯತೊಡಗಿತು.

ಮಡು ಇನ್ನೂ ಸಣ್ಣಗಾಯಿತು. ಒಕ್ಕಣೆಯ ಕಣದಷ್ಟಿದ್ದದ್ದು ಅಂಗಳದಷ್ಟಾಯಿತು. ಮೊರಬೆನ್ನಿಯ ಒಂದೊಂದು ಪಾದವೂ ಎಮ್ಮೆ ಮಲಗುವಷ್ಟು ಜಾಗ ಹಿಡಿಯುತ್ತಿತ್ತು.

"ಮಗಳೇ," ಎಂದಳು ಮೀಸೆಯಜ್ಜಿ ಸಂಕೋಚದಿಂದ. "ನಿನಗೆ ಎಷ್ಟು ಅಂತ ಹೇಳ್ಲಿ. ನೀನು ಎರಡು ಕಾಲು ಇಟ್ರೆ ನಮಗೆ ಜಾಗ ಸಾಲ್ತಾ ಇಲ್ಲ."

ಮೊರಬೆನ್ನಿ ಕೆಸರು ಏಳದ ಹಾಗೆ, ತುಂಬಾ ನಿಧಾನವಾಗಿ, ಒಂದು ಕಾಲನ್ನು ಎತ್ತಿ ಹೊಟ್ಟೆಗೆ ಒತ್ತಿಕೊಂಡಳು. ಆ ಕಾಲಿದ್ದ ಗುಳಿಯಲ್ಲಿ ನಲವತ್ತು ಮರಿಮೀನು ಹೋಗಿ ಕೂತವು. ಒಂದು ಕಾಲು ನೀರಲ್ಲಿ, ಒಂದು ಕಾಲು ಮೇಲೆ. ಅಲುಗಲಿಲ್ಲ, ಕದಲಲಿಲ್ಲ.

ಹಸಿವಿನ ವಿಷಯ ಹೇಳುವುದು ಬೇಡವೆಂದುಕೊಂಡಿದ್ದೆ. ಆದರೆ ಹೇಳದಿದ್ದರೆ ನಿಮಗೆ ಅವಳ ಕಷ್ಟ ಗೊತ್ತಾಗುವುದಾದರೂ ಹೇಗೆ? ಎಲ್ಲಿಂದಲೋ ಹಾರಿ ಬಂದ ಮಿಡತೆಯೊಂದು ಮೂತಿಯ ಮೇಲೆ ಕೂತರೆ ಅಂದಿನ ಊಟ ಅದೇ. ಅದೂ ಬಾರದ ದಿನ ಅದೂ ಇಲ್ಲ. ಮೊರಬೆನ್ನಿಯ ಮೈ ಇಳಿಯಿತು. ಕಂಬದಂಥ ಕಾಲುಗಳು ಮೊದಲು ಬಿದಿರಿನಷ್ಟಾದವು, ಆಮೇಲೆ ಜೋಳದ ದಂಟಿನಷ್ಟಾದವು. ಕುತ್ತಿಗೆ ಸಣ್ಣಗಾಗಿ, ತಲೆಯ ಭಾರ ತಾಳದೆ ಹೆಗಲ ಮೇಲೆ ಮಡಚಿಕೊಂಡಿತು. ಹಲ್ಲುಗಳು ಒಂದೊಂದೇ ಉದುರಿದವು. ಹಸಿರು ಬಣ್ಣದ ಮೈ, ಬಿಸಿಲಲ್ಲಿ ಒಣಹಾಕಿ ಮರೆತ ಸೀರೆಯ ಹಾಗೆ, ದಿನದಿಂದ ದಿನಕ್ಕೆ ಬೆಳ್ಳಗಾಯಿತು. ಅವಳು ಸಣ್ಣಗಾದಂತೆ ಮೊರವೂ ಸಣ್ಣಗಾಯಿತು. ಮಡುವೂ ಸಣ್ಣಗಾಗುತ್ತಿತ್ತಲ್ಲ, ನೆರಳು ಮಾತ್ರ ಯಾವತ್ತೂ ಕಡಿಮೆ ಬೀಳಲಿಲ್ಲ.

ಎಲ್ಲಕ್ಕಿಂತ ಕೆಟ್ಟ ದಿನ ಒಂದು ಬಂತು. ಅಂದು ಬಂಡೆಯೂ ಚಿಟ್ಟೆಂದು ಬಿರಿಯಿತು. ಸೆಖೆ ತಾಳಲಾರದೆ ಮೊರಬೆನ್ನಿ ಮೂತಿಯನ್ನು ನೀರಿಗೆ ಇಳಿಸಿ ಬಾಯಿ ತೆರೆದಳು, ಒಂದು ಗುಟುಕು ಕುಡಿಯಲು.

ಒಂದು ಮರಿಮೀನು ಅವಳ ಬಾಯೊಳಗೆ ಬಂತು.

ಬಾಯೊಳಗೆ ಕತ್ತಲೆ ಇತ್ತು, ತಂಪಿತ್ತು. ಮರಿಗೆ ಅದೂ ನೆರಳೇ. ಅದರ ಹಿಂದೆ ಇನ್ನೊಂದು ಬಂತು. ಇನ್ನೂ ನಾಲ್ಕು ಬಂದವು. ನಾಲಿಗೆಯ ಮೇಲೆ ಸಾಲಾಗಿ ಮಲಗಿದವು. ಎಷ್ಟೋ ದಿನದಿಂದ ಮೀನಿನ ರುಚಿ ಕಾಣದ ನಾಲಿಗೆ ಅದು.

ಗಾಳಿ ಉಸಿರು ಹಿಡಿದು ನೋಡುತ್ತಿತ್ತು. "ಮುಚ್ಚಿಬಿಡು," ಎಂದು ಕಿವಿಯ ಹತ್ತಿರ ಬಂದು ಪಿಸುಗುಟ್ಟಿತು. "ಆರು ಮರಿ ತಾನೆ? ಅಷ್ಟೊಂದು ಮರಿಗಳಲ್ಲಿ ಮೀಸೆಯಜ್ಜಿಗೆ ಯಾವುದು ಇದೆ, ಯಾವುದು ಇಲ್ಲ ಅಂತ ಏನು ಗೊತ್ತಾಗ್ತದೆ? ನೀನು ಸತ್ತೋದ್ರೆ ನೆರಳೂ ಹೋಗ್ತದೆ. ತಿನ್ನು."

ಗಾಳಿಯ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಗೆಳತಿ ಕಣ್ಣೆದುರಿಗೆ ಸೊರಗುವುದನ್ನು ನೋಡಲಾರದೆ ಅದು ಹಾಗೆ ಹೇಳಿತು.

ಬಾಯಿ ತೆರೆದೇ ಇದ್ದುದರಿಂದ ಮೊರಬೆನ್ನಿಗೆ ಉತ್ತರ ಕೊಡಲಾಗಲಿಲ್ಲ. ಮುಚ್ಚಲೂ ಇಲ್ಲ. ದವಡೆ ನಡುಗಿತು. ಕಣ್ಣಲ್ಲಿ ನೀರು ಬಂತು. ದಿಬ್ಬದ ಕಡೆ ಕಣ್ಣು ನೆಟ್ಟು, ಸೂರ್ಯ ಇಳಿಯುವವರೆಗೂ ಬಾಯಿ ತೆರೆದುಕೊಂಡೇ ನಿಂತಳು. ಹೊತ್ತು ತಂಪಾದ ಮೇಲೆ ಮರಿಗಳು ಒಂದೊಂದಾಗಿ ಹೊರಗೆ ಹೋದವು. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದು ನಿದ್ದೆ ಹೋಗಿತ್ತು. ಅದು ಎದ್ದು ಹೋಗುವವರೆಗೂ ಕಾದಳು.

ಗಾಳಿಗೆ ತುಂಬಾ ನಾಚಿಕೆಯಾಯಿತು.

"ಮೊರಬೆನ್ನೀ," ಎಂದಿತು. "ನಾನು ಸುಮ್ಮನೆ ಸುತ್ತಾಡಿಕೊಂಡು ಇದ್ದುಬಿಟ್ಟೆ. ನನಗೆ ಕಾಲು ಕಟ್ಟಿಲ್ಲ, ಕೆಸರಿನ ಭಯ ಇಲ್ಲ. ಮಳೆ ಎಲ್ಲಿದ್ರೂ ಸರಿ, ಹುಡುಕಿ ಎಳಕೊಂಡು ಬರ್ತೀನಿ. ಅಲ್ಲೀವರೆಗೂ ನಿಂತಿರು."

ಗಾಳಿ ಹೋಯಿತು. ಗಾಳಿ ಹೋದ ಮೇಲೆ ಎಲ್ಲವೂ ಸ್ತಬ್ಧ. ಒಂದು ಕಾಲು ನೀರಲ್ಲಿ, ಒಂದು ಕಾಲು ಮೇಲೆ. ಅಲುಗಲಿಲ್ಲ, ಕದಲಲಿಲ್ಲ. ಮಡು ಅಂಗಳದಷ್ಟಿದ್ದದ್ದು ಚಾಪೆಯಷ್ಟಾಯಿತು. ಮೀಸೆಯಜ್ಜಿಯ ಬೆನ್ನು ನೀರಿನಿಂದ ಹೊರಗೆ ಕಾಣತೊಡಗಿತು.

"ಇದ್ದೀಯಾ ಅಜ್ಜಿ?" ಎಂದು ಮೊರಬೆನ್ನಿ ಬೆಳಿಗ್ಗೆ ಕೇಳುವಳು.

"ಇದ್ದೀನಿ ಕಣವ್ವ. ನೀನು?"

"ನಾನೂ ಇದ್ದೀನಿ."

ಇಷ್ಟೇ ಅವರ ಮಾತು. ಹೆಚ್ಚಿಗೆ ಆಡಲು ಇಬ್ಬರಿಗೂ ತ್ರಾಣವಿರಲಿಲ್ಲ.

ಒಂದು ಮಧ್ಯಾಹ್ನ ಮೊರಬೆನ್ನಿಯ ಮೂಗಿಗೆ ಏನೋ ವಾಸನೆ ಬಂತು. ಹಸಿಮಣ್ಣಿನ ವಾಸನೆ. ಬೆಟ್ಟದ ತುದಿಯಲ್ಲಿ ಧೂಳೆದ್ದಿತು. ಧೂಳಿನ ಹಿಂದೆ ಗಾಳಿ, ಗಾಳಿಯ ಹಿಂದೆ ಮೋಡ! ಹಟ ಹಿಡಿದ ಎಮ್ಮೆಗಳನ್ನು ಹೊಡೆದುಕೊಂಡು ಬರುವವರ ಹಾಗೆ ಗಾಳಿ ಹೋ ಹೋ ಎಂದು ಕೂಗುತ್ತ ಮೋಡಗಳನ್ನು ಅಟ್ಟಿಕೊಂಡು ಬರುತ್ತಿತ್ತು.

"ಸಿಕ್ತು ಕಣೇ! ಸಮುದ್ರದ ಮೇಲೆ ಮಲಗಿಬಿಟ್ಟಿತ್ತು!"

ಮೊದಲ ಹನಿ ಮೀಸೆಯಜ್ಜಿಯ ಬೆನ್ನ ಮೇಲೆ ಬಿತ್ತು. ಎರಡನೆಯದು ಮೊರಬೆನ್ನಿಯ ಮೂತಿಯ ಮೇಲೆ. ಆಮೇಲಿನದನ್ನು ಯಾರೂ ಎಣಿಸಲಿಲ್ಲ. ಆಕಾಶ ಗುಡುಗಿತು. ಮರಳಿನ ಅಡಿಯಿಂದ ಹೊಳೆ ಎದ್ದು ಬಂತು, ಮೇಲಿನಿಂದಲೂ ಹೊಳೆ ಇಳಿದು ಬಂತು, ಎರಡೂ ಸೇರಿ ಭೋರ್ಗರೆಯಿತು.

"ಬಂದೆ ಕಣೇ ಮಗಳೇ! ಬಂದೇಬಿಟ್ಟೆ!" ಎಂದು ಹೊಳೆ ಕೂಗಿತು. ಮೀಸೆಯಜ್ಜಿ ತನ್ನ ಬಳಗ ಕಟ್ಟಿಕೊಂಡು ನೀರಿಗೆ ಎದುರಾಗಿ ಈಜಿದಳು.

ಆದರೆ ಮೊರಬೆನ್ನಿಗೆ ಕಾಲು ಕೀಳಲಾಗಲಿಲ್ಲ. ಅಷ್ಟು ದಿನ ನಿಂತ ಕಾಲು ಮರಗಟ್ಟಿತ್ತು. ನೀರು ಮೊಣಕಾಲಿಗೆ ಬಂತು, ಹೊಟ್ಟೆಗೆ ಬಂತು, ಎದೆಗೆ ಬಂತು. ಆಗ ದೊಡ್ಡದೊಂದು ಗುಡುಗು. ಆ ಗುಡುಗಿಗೆ ಅವಳ ಬೆನ್ನಿನ ಒಣಗಿದ ಮೊರ ಚರ್ರನೆ ನಡುವೆ ಸೀಳಿತು. ಅರ್ಧ ಈ ಕೈಯ ಮೇಲೆ, ಅರ್ಧ ಆ ಕೈಯ ಮೇಲೆ ಜಾರಿ ಕೂತಿತು.

"ಕೈ ಚಾಚು!" ಎಂದು ಗಾಳಿ ಕಿರುಚಿತು. "ಮಡಚಿದ ಕೈ ಬಿಚ್ಚೇ!"

ಮೊರಬೆನ್ನಿ ಬೇಸಿಗೆಯೆಲ್ಲ ಎದೆಗೆ ಮಡಚಿಕೊಂಡಿದ್ದ ಕೈಗಳನ್ನು ಬಿಚ್ಚಿದಳು. ಕೊಕ್ಕೆಯಂಥ ಉಗುರುಗಳು ಎರಡೂ ಕಳಚಿ ನೀರಿಗೆ ಬಿದ್ದವು. ಗಾಳಿ ಅವಳ ಕೆಳಗೆ ನುಗ್ಗಿ ಒಂದೇ ಸಲಕ್ಕೆ ಮೇಲೆತ್ತಿತು. ನಾಲ್ಕು ಗಾಡಿಯಷ್ಟುದ್ದ ಇದ್ದವಳು ಈಗ ಹುಲ್ಲಿನ ಹೊರೆಯಷ್ಟೂ ಭಾರ ಇರಲಿಲ್ಲ. ತೇಲುತ್ತ ಹೋಗಿ ಮರಳ ದಿಬ್ಬದ ಮೇಲೆ ಇಳಿದಳು.

ಮೂರು ದಿನ ಮಳೆ ಹೊಯ್ಯಿತು. ಮೂರು ದಿನವೂ ಅವಳು ಆ ಹೊಸ ಕೈಗಳನ್ನು ಮೊಟ್ಟೆಗಳ ಮೇಲೆ ಹರಡಿಕೊಂಡು ಕೂತಿದ್ದಳು. ನಾಲ್ಕನೆಯ ದಿನ ಎಳೆಬಿಸಿಲು ಬಿತ್ತು. ಮರಳು ಅಲುಗಿತು. ಒಂದು ಮರಿ, ಎರಡು ಮರಿ, ಮೂರು ಮರಿ. ಕಡ್ಡಿ ಕಾಲು, ಚೂಪು ಕೊಕ್ಕು, ಬಿಳಿ ತುಪ್ಪಳ.

"ಇವು ಯಾರ ಹಾಗೆ ಇವೆ?" ಎಂದು ಮೊರಬೆನ್ನಿ ಬೆರಗಾದಳು.

"ಬಂದು ನನ್ನಲ್ಲಿ ಮುಖ ನೋಡಿಕೋ," ಎಂದಿತು ಹೊಳೆ.

ಬಗ್ಗಿ ನೋಡಿದಳು. ನೀರಿನಲ್ಲಿ ಬೆಳ್ಳಗಿನ, ತೆಳ್ಳಗಿನ, ಕುತ್ತಿಗೆ ಮಡಚಿದ ಒಂದು ಹಕ್ಕಿ ನಿಂತಿತ್ತು.

"ಯಾರವ್ವ ಇವಳು?"

"ನೀನೇ ಕಣೇ, ನನ್ನ ಚಿನ್ನ," ಎಂದಿತು ಹೊಳೆ.

ಹಿಂದೆ ಮರಿಗಳು ಮೂರೂ ಬಾಯಿ ತೆರೆದು ಚೀರಿದವು. ಹಸಿವು! ಮೊರಬೆನ್ನಿ ನೀರಿಗೆ ಇಳಿದಳು, ಇಳಿದು ಸುಮ್ಮನೆ ನಿಂತಳು. ಕಾಲ ಸುತ್ತಲೂ ಸಾಸಿವೆ ಚೆಲ್ಲಿದ ಹಾಗೆ ಮರಿಮೀನು. ಎಲ್ಲವೂ ಮೀಸೆಯಜ್ಜಿಯ ಹೊಟ್ಟೆಯಿಂದ ಬಂದವು. ಆದರೆ ಅವಳ ಕೊಕ್ಕು ಕೆಳಗೆ ಇಳಿಯಲೊಲ್ಲದು.

ಮೀಸೆಯಜ್ಜಿ ತೇಲಿ ಬಂದಳು. ಹೊಟ್ಟೆ ಈಗ ಹಗುರವಾಗಿತ್ತು.

"ಯಾಕೆ ಮಗಳೇ ನಿಂತುಬಿಟ್ಟೆ? ಮಕ್ಕಳು ಅಳ್ತಾ ಇದ್ದಾವೆ."

"ಮುಟ್ಟಲ್ಲ ಅಂತ ಹೇಳಿದ್ದೆನಲ್ಲ ಅಜ್ಜಿ."

"ಮಳೆ ಬರೋವರೆಗೂ ಅಂತ ನೀನೇ ಅಂದಿದ್ದೆ. ಮಳೆ ಬಂತು. ನಿನ್ನ ಮರಿ ಉಪವಾಸ ಬಿದ್ದು ಸಾಯ್ಲಿ ಅಂತ ನಾನು ಬಯಸ್ತೀನಾ? ತಿನ್ನು. ಆದ್ರೆ ನೋಡಿ ತಿನ್ನು. ಹೊಟ್ಟೇಲಿ ಮೊಟ್ಟೆ ಇರೋಳು ಬಂದ್ರೆ ಬಿಟ್ಟುಬಿಡು. ಮಡೂಲಿ ಕೊನೇ ಬಳಗ ಆದ್ರೆ ಬಿಟ್ಟುಬಿಡು. ನೋಡಿದ ಮೇಲೆ ಉಳಿದದ್ದು ನಿಂದೇ."

ಮೊರಬೆನ್ನಿ ಒಂದು ಕಾಲನ್ನು ಮೆಲ್ಲಗೆ ಎತ್ತಿಕೊಂಡಳು. ತಲೆ ವಾಲಿಸಿ ನೀರನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಒಂದೇ ಒಂದು ಮೀನನ್ನು ಎತ್ತಿ ಮರಿಗಳ ಹತ್ತಿರ ಹೋದಳು.

ಅಷ್ಟು ಹೊತ್ತಿಗೆ ದಂಡೆಯ ಮಣ್ಣಿನಿಂದ ಮೊಸಳೆ ತಲೆ ಹೊರಗೆ ಹಾಕಿ, "ಮಳೆ ಬಂತಾ ಅಕ್ಕಾ?" ಎಂದು ಕೇಳಿತು. ಅಕ್ಕ ಯಾರೆಂದೇ ಅದಕ್ಕೆ ಗುರುತು ಸಿಗಲಿಲ್ಲ.

ಬೇಸಿಗೆ ಅದಾದ ಮೇಲೆ ವರ್ಷ ವರ್ಷವೂ ಬಂದಿತು, ಮಳೆಯೂ ವರ್ಷ ವರ್ಷವೂ ಬಂದಿತು. ಮೊರಬೆನ್ನಿಯ ಮಕ್ಕಳು, ಮೊಮ್ಮಕ್ಕಳು ಹೊಳೆ ಬಿಟ್ಟು ಕೆರೆಗೆ, ಕೆರೆ ಬಿಟ್ಟು ಗದ್ದೆಗೆ ಹರಡಿಕೊಂಡರು. ಮೊರ ನಿಲ್ಲಿಸಿದ್ದ ಬೆನ್ನನ್ನು ಎಲ್ಲರೂ ಮರೆತರು. ಈಗ ನಾವು ಅವರನ್ನು ಕೊಕ್ಕರೆ ಎನ್ನುತ್ತೇವೆ. ಯಾರಾದರೂ ಕಣ್ಣು ಮುಚ್ಚಿ ಭಕ್ತಿಯ ಸೋಗು ಹಾಕಿದರೆ "ಬಕಧ್ಯಾನ" ಎಂದು ನಗುತ್ತೇವೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ಬೇಸಿಗೆಯಲ್ಲಿ ಅವಳ ಬಾಯೊಳಗೆ ನಿದ್ದೆ ಹೋದ ಆರನೆಯ ಮರಿಯನ್ನು ಕೇಳಿದ್ದರೆ ತಿಳಿಯುತ್ತಿತ್ತು, ಅದು ಸೋಗೋ ಅಲ್ಲವೋ ಎಂದು.

ಅದಕ್ಕೇ ಮಕ್ಕಳೇ, ಕೆರೆಯಂಚಿನಲ್ಲಿ ಕೊಕ್ಕರೆಯೊಂದು ಒಂಟಿಕಾಲಲ್ಲಿ ಅಲುಗದೆ ನಿಂತದ್ದು ಕಂಡರೆ ನೀವೂ ಒಂದು ಗಳಿಗೆ ಅಲುಗದೆ ನಿಲ್ಲಿ. ಕೆಸರು ಏಳದ ಹಾಗೆ, ಮರಿಗಳಿಗೆ ಜಾಗ ಬಿಟ್ಟು, ನೀರಿನೊಳಗೆ ಮೀಸೆಯಜ್ಜಿ ಇದ್ದಾಳೇನೋ ಎಂದು ಅದು ಇನ್ನೂ ನೋಡುತ್ತಿದೆ.